ಆಸ್ಪತ್ರೆಯಲ್ಲಿ ಕಂಡದ್ದನ್ನು ಯಾರಿಗೆ, ಹೇಗೆ ಬರೆಯಬೇಕು?

ಪ್ರಶ್ನೆ: ನಾನು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯವನು. 68 ವರ್ಷದ ನನ್ನ ತಂದೆ ಒಂದು ದಿನ ಬೆಳಗಿನ ಜಾವ ಏಳಲು ಹೋದಾಗ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ, ಮಾತು ತೊದಲುತ್ತಿತ್ತು. ತಾಲ್ಲೂಕು ಆಸ್ಪತ್ರೆಯವರು ಹಾಸನಕ್ಕೆ ಬರೆದುಕೊಟ್ಟರು. ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯುಷ್ಮಾನ್ ಕಾರ್ಡಿನ ಮೇಲೆ ಹನ್ನೆರಡು ದಿನ ಇದ್ದರು. ಮೊದಲ ದಿನ ಬಂದ ಡಾಕ್ಟರು ‘ಭಯಪಡಬೇಡಿ’ ಎಂದರು; ಮೂರನೆಯ ದಿನ ಇನ್ನೊಬ್ಬರು ‘ಏನೂ ಹೇಳಲಾಗದು, ನೆಂಟರಿಗೆ ತಿಳಿಸಿ’ ಎಂದರು. ಮೂಗಿಗೆ ಟ್ಯೂಬು ಹಾಕುವಾಗ ನಮಗೆ ಯಾರೂ ಹೇಳಲಿಲ್ಲ. ಸೊಂಟದ ಕೆಳಗೆ ಹುಣ್ಣಾಗಿದ್ದು ಮನೆಗೆ ಬಂದ ಮೇಲೆ ತಿಳಿಯಿತು. ಕಾರ್ಡಿದ್ದರೂ ಚೀಟಿ ಬರೆದು ಹೊರಗಿನಿಂದ ಔಷಧಿ ತರಿಸಿದರು. ನಮ್ಮ ತಾಯಿಯನ್ನು ವಾರ್ಡಿನಲ್ಲಿ ಎಲ್ಲರೆದುರು ಗದರಿದರು. ‘ಒಂದು ಇಂಜೆಕ್ಷನ್ ಇದೆ, ಅದನ್ನು ಕೊಟ್ಟಿದ್ದರೆ ಅವತ್ತೇ ಎದ್ದು ಕೂರುತ್ತಿದ್ದರು’ ಎಂದು ಊರಿನವರು ಹೇಳುತ್ತಾರೆ. ಹಾಗಿದ್ದೂ ತಂದೆ ಬದುಕಿ ಮನೆಗೆ ಬಂದಿದ್ದಾರೆ, ಆ ಋಣವೂ ಇದೆ. ದೂರು ಕೊಡಬೇಕೇ? ಕೊಟ್ಟರೆ ಮುಂದಿನ ತಪಾಸಣೆಗೆ ಹೋದಾಗ ತೊಂದರೆ ಮಾಡುತ್ತಾರೆಯೇ?

ಉತ್ತರ: ನಿಮ್ಮ ಪತ್ರವನ್ನು ಇಲ್ಲಿ ಚಿಕ್ಕದಾಗಿಸಿ, ಅದರಲ್ಲಿದ್ದ ಆಸ್ಪತ್ರೆಯ ಮತ್ತು ವೈದ್ಯರ ಹೆಸರುಗಳನ್ನು ಕೈಬಿಟ್ಟಿದ್ದೇನೆ, ಒಂದು ಕಡೆಯ ಮಾತನ್ನಷ್ಟೇ ಕೇಳಿ ಯಾರು ಸರಿ, ಯಾರು ತಪ್ಪು ಎಂದು ಹೇಳಲು ಬಾರದು. ಆದರೆ ಒಂದು ವಿಷಯವನ್ನು ಪತ್ರ ಓದಿದವರು ಯಾರಾದರೂ ಹೇಳಬಹುದು. ಚುಚ್ಚುಮದ್ದು, ವೈದ್ಯರ ಬೇರೆ ಬೇರೆ ಮಾತು, ಹುಣ್ಣು, ಔಷಧಿಯ ಹಣ, ತಾಯಿಗಾದ ಅವಮಾನ, ಈ ಐದೂ ಒಂದೇ ಸಂಕಟದಲ್ಲಿ ಕಲೆತುಹೋಗಿವೆ. ಇವುಗಳಲ್ಲಿ ಮೊದಲನೆಯದು ದೂರೇ ಅಲ್ಲ, ಎರಡನೆಯದು ಅರ್ಧ ದೂರು, ಮೂರನೆಯದು ನೀವು ಅಂದುಕೊಂಡಿರುವುದಕ್ಕಿಂತ ಗಂಭೀರ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಸುರಿದುಬಿಟ್ಟರೆ, ಉತ್ತರ ಬರೆಯುವವರು ಅವುಗಳಲ್ಲಿ ತೀರ ದುರ್ಬಲವಾದುದನ್ನು ಎತ್ತಿಕೊಂಡು, ಅದಕ್ಕೆ ಎರಡು ಪುಟದ ವೈದ್ಯಕೀಯ ವಿವರಣೆ ಕೊಟ್ಟು, ಉಳಿದ ನಾಲ್ಕನ್ನೂ ಅದರಡಿಯಲ್ಲಿ ಮುಚ್ಚಿಬಿಡುತ್ತಾರೆ. ಆಸ್ಪತ್ರೆಗಳ ಬಗ್ಗೆ ಬರುವ ದೂರುಗಳು ಬಿದ್ದುಹೋಗುವುದು ಹೆಚ್ಚಾಗಿ ಹೀಗೆಯೇ. ಸುಳ್ಳೆಂಬ ಕಾರಣಕ್ಕಲ್ಲ, ಬೆರಕೆಯಾಗಿವೆ ಎಂಬ ಕಾರಣಕ್ಕೆ. ಆದ್ದರಿಂದ ಒಂದೊಂದನ್ನೇ ಬಿಡಿಸೋಣ.

ಚುಚ್ಚುಮದ್ದಿನ ವಿಷಯವನ್ನು ಮೊದಲು ಮುಗಿಸುತ್ತೇನೆ. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಬರುವ ಪಾರ್ಶ್ವವಾಯುವಿಗೆ ಆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಇರುವುದು ನಿಜ. ಅದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು; ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಮಾಡಿ, ಮಿದುಳಿನಲ್ಲಿ ರಕ್ತಸ್ರಾವ ಆಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ರಕ್ತಸ್ರಾವವಿದ್ದವರಿಗೆ ಅದೇ ಮದ್ದು ಪ್ರಾಣಕ್ಕೆ ಎರವಾಗುತ್ತದೆ. ನಿಮ್ಮ ತಂದೆಯವರಿಗೆ ತೊಂದರೆ ಕಾಣಿಸಿದ್ದು ನಿದ್ದೆಯಿಂದ ಏಳುವಾಗ. ಅಂಥವರಲ್ಲಿ ಗಂಟೆಯ ಲೆಕ್ಕ ಎದ್ದ ಹೊತ್ತಿನಿಂದ ಶುರುವಾಗುವುದಿಲ್ಲ. ಹಿಂದಿನ ರಾತ್ರಿ ಅವರು ಸರಿಯಾಗಿದ್ದುದನ್ನು ಕೊನೆಯದಾಗಿ ನೋಡಿದ ಹೊತ್ತಿನಿಂದ ಶುರುವಾಗುತ್ತದೆ. ರಾತ್ರಿ ಒಂಬತ್ತಕ್ಕೆ ಮಲಗಿದವರು ಬೆಳಗ್ಗೆ ಹಾಸನ ತಲುಪುವಷ್ಟರಲ್ಲಿ ಆ ಅವಧಿ ದಾಟಿಹೋಗಿರುತ್ತದೆ. ದೊಡ್ಡ ಕೇಂದ್ರಗಳಲ್ಲಿ ಎಂಆರ್‌ಐ ನೋಡಿ ಇಂಥ ಕೆಲವರಿಗೂ ಕೊಡುವುದುಂಟು, ಆದರೆ ಅದು ಎಲ್ಲ ಕಡೆ, ಎಲ್ಲರಿಗೂ ಆಗುವ ಕೆಲಸವಲ್ಲ. ‘ಕೊಡಲಿಲ್ಲ’ ಎಂಬುದನ್ನು ದೂರಾಗಿ ಬರೆಯಬೇಡಿ. ‘ಕೊಡಲಾಗದು ಎಂಬುದನ್ನೂ ಅದರ ಕಾರಣವನ್ನೂ ನಮಗೆ ಹೇಳಲಿಲ್ಲ’ ಎಂದು ಬರೆಯುವುದಾದರೆ ಅದು ನ್ಯಾಯವಾದ ಮಾತು. ಮೊದಲ ಅರ್ಧ ಗಂಟೆಯಲ್ಲಿ ಯಾರಾದರೂ ಎರಡು ವಾಕ್ಯ ಹೇಳಿದ್ದರೆ ಊರಿನವರ ಮಾತು ಇಂದು ನಿಮ್ಮನ್ನು ಇಷ್ಟು ಕಾಡುತ್ತಿರಲಿಲ್ಲ.

ವೈದ್ಯರ ಮಾತು ದಿನಕ್ಕೊಂದು ಬಗೆಯಾಯಿತು ಎಂಬುದಕ್ಕೂ ಇದೇ ಬಗೆಯ ವಿವರಣೆಯಿದೆ. ದೊಡ್ಡ ಪಾರ್ಶ್ವವಾಯುವಿನಲ್ಲಿ ಪೆಟ್ಟು ಬಿದ್ದ ಮಿದುಳಿನ ಭಾಗ ಊದಿಕೊಳ್ಳುತ್ತದೆ, ಮತ್ತು ಆ ಊತ ಸಾಮಾನ್ಯವಾಗಿ ಎರಡನೆಯ ದಿನದಿಂದ ಐದನೆಯ ದಿನದೊಳಗೆ ಹೆಚ್ಚುತ್ತದೆ. ಮೊದಲ ದಿನ ಮಾತನಾಡುತ್ತಿದ್ದ ರೋಗಿ ಮೂರನೆಯ ದಿನ ಮಂಪರಿಗೆ ಇಳಿಯುವುದು, ವಾರ ಕಳೆದ ಮೇಲೆ ಮತ್ತೆ ಕಣ್ಣು ಬಿಡುವುದು, ಇವೆಲ್ಲ ಈ ಕಾಯಿಲೆಯ ಸ್ವಭಾವ. ಹಾಗಾಗಿ ‘ಭಯಪಡಬೇಡಿ’ ಎಂದವರೂ ‘ನೆಂಟರಿಗೆ ತಿಳಿಸಿ’ ಎಂದವರೂ ತಂತಮ್ಮ ದಿನಕ್ಕೆ ಕಂಡದ್ದನ್ನೇ ಹೇಳಿರಬಹುದು. ತಪ್ಪಿರುವುದು ಬೇರೆ ಕಡೆ. ‘ಇನ್ನು ನಾಲ್ಕೈದು ದಿನ ಏರುಪೇರು ಆಗಬಹುದು, ಆ ಅವಧಿ ದಾಟಿದ ಮೇಲೆಯೇ ಏನಾದರೂ ಹೇಳಲು ಸಾಧ್ಯ’ ಎಂಬ ಮಾತು ಮೊದಲ ದಿನವೇ ಬರಬೇಕಿತ್ತು, ಅದೂ ಆ ಚಿಕಿತ್ಸೆಯ ಹೊಣೆ ಹೊತ್ತ ಹಿರಿಯ ವೈದ್ಯರ ಬಾಯಿಂದ. ನಮ್ಮ ಊರುಗಳ ಆಸ್ಪತ್ರೆಗಳಲ್ಲಿ ರೋಗಿಯ ಕಡೆಯವರೊಂದಿಗೆ ಮಾತನಾಡುವ ಕೆಲಸ ಯಾರ ಪಾಲಿಗೂ ಬರೆದಿರುವುದಿಲ್ಲ. ರೌಂಡ್ಸಿಗೆ ಬಂದ ಹಿರಿಯರು ಡ್ಯೂಟಿ ಡಾಕ್ಟರು ಹೇಳಿರುತ್ತಾರೆ ಎಂದುಕೊಳ್ಳುತ್ತಾರೆ, ಡ್ಯೂಟಿ ಡಾಕ್ಟರು ಹಿರಿಯರು ಹೇಳಿರುತ್ತಾರೆ ಎಂದುಕೊಳ್ಳುತ್ತಾರೆ, ಸಿಸ್ಟರಿಗೆ ಹೇಳುವ ಅಧಿಕಾರವಿಲ್ಲ. ಕೊನೆಗೆ ಕಾರಿಡಾರಿನಲ್ಲಿ ಪಕ್ಕದ ಹಾಸಿಗೆಯವರ ನೆಂಟರು ಹೇಳಿದ್ದೇ ನಿಮಗೆ ಸಿಗುವ ವೈದ್ಯಕೀಯ ವಿವರಣೆಯಾಗುತ್ತದೆ.

ಮೂಗಿನ ಟ್ಯೂಬಿನದೂ ಇದೇ ಕತೆ. ಪಾರ್ಶ್ವವಾಯುವಿನಲ್ಲಿ ನುಂಗುವ ಶಕ್ತಿ ಕುಂದಿದ್ದರೆ ಗಂಜಿ, ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಅದಕ್ಕಾಗಿಯೇ ಟ್ಯೂಬು ಹಾಕುತ್ತಾರೆ. ಅದು ಶಸ್ತ್ರಚಿಕಿತ್ಸೆಯಲ್ಲ, ಹೆಚ್ಚಿನ ಕಡೆ ಅದಕ್ಕೆ ಪ್ರತ್ಯೇಕ ಒಪ್ಪಿಗೆ ಪತ್ರ ತೆಗೆದುಕೊಳ್ಳುವುದಿಲ್ಲ. ಆಪರೇಷನ್ ಅಥವಾ ಅಪಾಯವಿರುವ ಪರೀಕ್ಷೆಯ ಮಾತು ಬೇರೆ. ಏನು ಮಾಡುತ್ತಾರೆ, ಅಪಾಯವೇನು, ಬೇರೆ ದಾರಿಯಿದೆಯೇ, ಮಾಡಿಸದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಸಿ ಒಪ್ಪಿಗೆ ಪಡೆಯಬೇಕು, ಜೀವ ಉಳಿಸುವ ತುರ್ತನ್ನು ಬಿಟ್ಟರೆ ಒಂದಕ್ಕೆ ಕೊಟ್ಟ ಒಪ್ಪಿಗೆಯನ್ನು ಇನ್ನೊಂದಕ್ಕೆ ಹಿಗ್ಗಿಸಬಾರದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ದಾಖಲಾಗುವಾಗ ನಿಮ್ಮಿಂದ ಸಹಿ ಹಾಕಿಸಿಕೊಂಡ ಕಾಗದದಲ್ಲಿ ಏನಿತ್ತು ಎಂಬುದು ನಿಮಗೆ ನೆನಪಿಲ್ಲವೆಂದು ಬರೆದಿದ್ದೀರಿ. ಬಹುಪಾಲು ಮಂದಿಗೆ ನೆನಪಿರುವುದಿಲ್ಲ, ಏಕೆಂದರೆ ಅದನ್ನು ಓದಿ ಹೇಳುವವರಿರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಿಗೆ ಹೊರರಾಜ್ಯಗಳಿಂದ ಬಂದ ಕಾರ್ಮಿಕರ ಪಾಡು ಇನ್ನೂ ಕಷ್ಟದ್ದು. ಅವರ ಪರವಾಗಿ ತೋಟದ ರೈಟರ್ ಒಬ್ಬರು ಬಂದು, ಕೇಳಿದ ಕಡೆಯೆಲ್ಲ ಹೆಬ್ಬೆಟ್ಟು ಒತ್ತಿಸಿ ಹೋಗುತ್ತಾರೆ.

ಈಗ ಹುಣ್ಣಿನ ವಿಷಯಕ್ಕೆ ಬರುತ್ತೇನೆ. ಪತ್ರದಲ್ಲಿ ಇದಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು. ನನ್ನ ದೃಷ್ಟಿಯಲ್ಲಿ ನಿಮ್ಮ ದೂರಿನ ತಿರುಳು ಇದೇ. ತಾನಾಗಿ ಮಗ್ಗುಲು ಬದಲಿಸಲಾಗದ ರೋಗಿಯ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ, ಮೂಳೆ ಹಾಸಿಗೆಗೆ ಒತ್ತುವ ಕಡೆ ಚರ್ಮಕ್ಕೆ ರಕ್ತ ಸಿಗದೆ ಹುಣ್ಣಾಗುತ್ತದೆ. ಮೊದಲು ಒಂದು ಕೆಂಪು ಮಚ್ಚೆ ಕಾಣುತ್ತದೆ. ಬೆರಳಿನಿಂದ ಒತ್ತಿದರೂ ಆ ಕೆಂಪು ಬಿಳಿಚುವುದಿಲ್ಲ. ಅಲ್ಲಿಗೇ ಎಚ್ಚೆತ್ತುಕೊಂಡರೆ ತಡೆಯಬಹುದು. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಚರ್ಮವನ್ನು ದಿನಾ ನೋಡುವುದು, ಒದ್ದೆ ಬಟ್ಟೆ ಬದಲಿಸುವುದು, ಏರ್ ಬೆಡ್ ಹಾಕುವುದು ಶುಶ್ರೂಷೆಯ ಮೊದಲ ಪಾಠಗಳು. ಎಷ್ಟೇ ಜೋಪಾನ ಮಾಡಿದರೂ ಕೆಲವರಿಗೆ ಹುಣ್ಣಾಗುವುದುಂಟು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಹುಣ್ಣಾಗಿದ್ದು ಡಿಸ್ಚಾರ್ಜಿನ ದಿನದವರೆಗೂ ಮನೆಯವರಿಗೆ ತಿಳಿಯಲಿಲ್ಲವೆಂದರೆ, ಒಂದೋ ಆಸ್ಪತ್ರೆಯವರು ನೋಡಿಲ್ಲ, ಇಲ್ಲವೇ ನೋಡಿಯೂ ಹೇಳಿಲ್ಲ. ಎರಡರಲ್ಲಿ ಯಾವುದಾದರೂ ಅದಕ್ಕೆ ಅವರು ಉತ್ತರ ಕೊಡಬೇಕು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಆಸ್ಪತ್ರೆಗಳಲ್ಲಿ ಮಗ್ಗುಲು ಬದಲಿಸುವ ಕೆಲಸ ಸದ್ದಿಲ್ಲದೆ ರೋಗಿಯ ಕಡೆಯವರ ತಲೆಗೆ ಬಿದ್ದಿರುತ್ತದೆ. ಮೈ ಒರೆಸುವುದು, ಟ್ಯೂಬಿನಲ್ಲಿ ಗಂಜಿ ಹಾಕುವುದು, ಮೂತ್ರದ ಚೀಲ ಖಾಲಿ ಮಾಡುವುದು ಎಲ್ಲವನ್ನೂ ಹೆಂಡತಿಯೋ ಸೊಸೆಯೋ ಮಾಡುತ್ತಿರುತ್ತಾರೆ. ಹೇಗೆ ಮಾಡಬೇಕೆಂದು ಅವರಿಗೆ ಯಾರೂ ಕಲಿಸಿರುವುದಿಲ್ಲ. ಹುಣ್ಣಾದ ಮೇಲೆ ‘ನೀವು ಸರಿಯಾಗಿ ನೋಡಿಕೊಳ್ಳಲಿಲ್ಲ’ ಎಂಬ ಮಾತು ಬರುತ್ತದೆ. ನಿಮ್ಮ ತಾಯಿಯವರಿಗೆ ಯಾರಾದರೂ ಮಗ್ಗುಲು ಬದಲಿಸುವುದನ್ನು ತೋರಿಸಿಕೊಟ್ಟಿದ್ದರೇ ಎಂದು ಕೇಳಿ ತಿಳಿದು ಬರೆದಿಡಿ. ಅದಕ್ಕೂ ಮೊದಲು, ದೂರಿನ ಯೋಚನೆಯನ್ನು ಪಕ್ಕಕ್ಕಿಟ್ಟು, ಈ ವಾರದಲ್ಲೇ ಒಬ್ಬ ಶಸ್ತ್ರಚಿಕಿತ್ಸಕರಿಗೆ ಹುಣ್ಣನ್ನು ತೋರಿಸಿ. ಸಕ್ಕರೆ ಕಾಯಿಲೆ ಇದ್ದರಂತೂ ತಡಮಾಡಬೇಡಿ. ತೋರಿಸುವಾಗ ಅವರ ಚೀಟಿಯಲ್ಲಿ ಹುಣ್ಣಿನ ಜಾಗ, ಅಳತೆ, ಆಳ ಬರೆದುಕೊಡಲು ಕೇಳಿ. ದಿನಾಂಕ ಸಮೇತ ಒಂದು ಫೋಟೋ ತೆಗೆದಿಡಿ. ಅದು ಚಿಕಿತ್ಸೆಗೂ ಬೇಕು, ದೂರಿಗೂ ಬೇಕು.

ಇದಾದ ಮೇಲೆ ಕೇಸ್ ಶೀಟಿನ, ಅಂದರೆ ಆಸ್ಪತ್ರೆಯಲ್ಲಿದ್ದಷ್ಟು ದಿನದ ಚಿಕಿತ್ಸೆಯ ಪೂರ್ಣ ದಾಖಲೆಯ, ಪ್ರತಿಗೆ ಅರ್ಜಿ ಹಾಕಿ. ನಿಮ್ಮ ಕೈಯಲ್ಲಿರುವ ಡಿಸ್ಚಾರ್ಜ್ ಸಮ್ಮರಿ ಎರಡು ಪುಟದ ಸಾರಾಂಶ ಅಷ್ಟೇ. ಹುಣ್ಣಿನಂಥ ವಿಷಯಗಳು ಅದರಿಂದ ಸುಲಭವಾಗಿ ಜಾರಿಹೋಗುತ್ತವೆ. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಇಟ್ಟುಕೊಳ್ಳಬೇಕು, ರೋಗಿ ಅಥವಾ ರೋಗಿಯಿಂದ ಅಧಿಕಾರ ಪಡೆದವರು ಕೇಳಿದರೆ ಸ್ವೀಕೃತಿ ಕೊಟ್ಟು 72 ಗಂಟೆಯೊಳಗೆ ಒದಗಿಸಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮಾವಳಿ ಹೇಳುತ್ತದೆ. ಪ್ರತಿ ಮಾಡಿಸುವ ಖರ್ಚನ್ನು ಕೇಳಿದರೆ ಕೊಡಿ. ಅರ್ಜಿಯಲ್ಲಿ ‘ಎಲ್ಲ ದಾಖಲೆ’ ಎಂದು ಬರೆದು ಬಿಡಬೇಡಿ. ಸೇರಿದ ದಿನದ ನರ್ಸಿಂಗ್ ಅಸೆಸ್‌ಮೆಂಟ್ ಹಾಳೆ, ದಿನದಿನದ ನರ್ಸ್ ನೋಟ್ಸ್, ಮಗ್ಗುಲು ಬದಲಿಸಿದ ಚಾರ್ಟ್, ಔಷಧಿ ಕೊಟ್ಟ ಚಾರ್ಟ್, ವೈದ್ಯರ ದೈನಂದಿನ ಟಿಪ್ಪಣಿ, ಒಪ್ಪಿಗೆ ಪತ್ರಗಳು, ಸ್ಕ್ಯಾನ್ ವರದಿ ಎಂದು ಬಿಡಿಸಿ ಬರೆಯಿರಿ. ಅಸೆಸ್‌ಮೆಂಟ್ ಹಾಳೆಯಲ್ಲಿ ರೋಗಿಯ ಚರ್ಮದ ಸ್ಥಿತಿಗೆಂದೇ ಸಾಮಾನ್ಯವಾಗಿ ಒಂದು ಜಾಗವಿರುತ್ತದೆ. ಸೇರಿದ ದಿನ ಅಲ್ಲಿ ‘ಹುಣ್ಣಿಲ್ಲ’ ಎಂದಿದ್ದರೆ ಹುಣ್ಣು ಆಸ್ಪತ್ರೆಯಲ್ಲೇ ಆಯಿತೆಂದು ಅವರ ಕಾಗದವೇ ಹೇಳಿದಂತೆ. ಮಗ್ಗುಲು ಬದಲಿಸಿದ ಚಾರ್ಟ್ ಇಲ್ಲವೇ ಇಲ್ಲವೆಂದರೆ ಆ ಇಲ್ಲದಿರುವಿಕೆಯೂ ಒಂದು ಸಾಕ್ಷ್ಯ. ಎರಡು ಗಂಟೆಗೊಮ್ಮೆ ಒಂದೇ ಶಾಯಿ, ಒಂದೇ ಕೈಬರಹದಲ್ಲಿ ಹಗಲೂ ರಾತ್ರಿ ಟಿಕ್ ಹಾಕಿದ ಚಾರ್ಟ್ ಕಂಡುಬಂದರೆ ಅದನ್ನು ಹೇಗೆ ಓದಬೇಕೆಂದು ನಾನು ಹೇಳಬೇಕಾಗಿಲ್ಲ.

ಹಣದ ವಿಷಯ ಇವೆಲ್ಲಕ್ಕಿಂತ ಸುಲಭ, ಏಕೆಂದರೆ ಅದು ಕಾಗದದಲ್ಲಿದೆ. 2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯಿದೆ. ಎಪಿಎಲ್ ಕುಟುಂಬವಾದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಒಟ್ಟು ದರದ) ಶೇ 30ರಷ್ಟನ್ನು ಮಾತ್ರ ಸರ್ಕಾರ ಭರಿಸುತ್ತದೆ, ಅದಕ್ಕೂ ವರ್ಷಕ್ಕೆ 1.5 ಲಕ್ಷದ ಮಿತಿಯಿದೆ. ನಿಮ್ಮದು ಯಾವ ಪಡಿತರ ಚೀಟಿ ಎಂಬುದನ್ನು ನೀವು ಬರೆದಿಲ್ಲ. ಬಿಪಿಎಲ್ ಆಗಿದ್ದು, ಚಿಕಿತ್ಸೆಗೆ ಯೋಜನೆಯಡಿ ಅನುಮೋದನೆ ಸಿಕ್ಕಿದ್ದರೆ, ಆ ಪ್ಯಾಕೇಜಿನೊಳಗಿನ ಔಷಧಿಯನ್ನು ಹೊರಗಿನಿಂದ ನಿಮ್ಮ ಹಣದಲ್ಲಿ ತರಿಸುವಂತಿಲ್ಲ. ಯೋಜನೆಯ ರೋಗಿಗಳಿಗೆ ನೆರವಾಗಲು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಂಡು, ಯಾವ ಪ್ಯಾಕೇಜ್, ಯಾವ ದಿನಾಂಕದಿಂದ ಅನುಮೋದನೆಯಾಗಿದೆ ಎಂದು ಕೇಳಿ ಬರೆದುಕೊಳ್ಳಿ. ಅನಂತರ ವೈದ್ಯರ ಚೀಟಿಗಳನ್ನು ಮೆಡಿಕಲ್ ಸ್ಟೋರಿನ ಬಿಲ್ಲುಗಳ ಪಕ್ಕದಲ್ಲಿಟ್ಟು ದಿನಾಂಕವಾರು ಜೋಡಿಸಿ, 104 ಆರೋಗ್ಯ ಸಹಾಯವಾಣಿಗೂ ಈ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಜಿಲ್ಲಾ ಸಂಯೋಜಕರಿಗೂ ದೂರು ಕೊಡಿ. ಚೀಟಿಯೂ ಬಿಲ್ಲೂ ಇಲ್ಲದ ಖರ್ಚನ್ನು ಲೆಕ್ಕಕ್ಕೆ ಸೇರಿಸಬೇಡಿ. ಈ ದೂರನ್ನು ಉಳಿದವುಗಳ ಜೊತೆ ಬೆರೆಸದೆ ಪ್ರತ್ಯೇಕವಾಗಿಯೇ ಕೊಡಿ. ಬೇಗ ತೀರ್ಮಾನವಾಗುವ ಸಾಧ್ಯತೆ ಇದಕ್ಕೇ ಹೆಚ್ಚು.

ತಾಯಿಯವರನ್ನು ಗದರಿದ ವಿಷಯ ಸಾಬೀತು ಮಾಡಲು ಕಷ್ಟವಾದುದು. ಬರೆಯದೆ ಬಿಡಬೇಕೆಂದು ಮಾತ್ರ ಹೇಳಲಾರೆ. ನಿಮ್ಮ ಪತ್ರದ ಮೊದಲ ಪುಟದಲ್ಲಿ ‘ಅಲ್ಲಿನ ಸಿಬ್ಬಂದಿಗೆ ಮಾನವೀಯತೆಯೇ ಇಲ್ಲ, ರೋಗಿಗಳನ್ನು ದನಗಳಂತೆ ಕಾಣುತ್ತಾರೆ’ ಎಂದಿದೆ. ಇಂಥ ವಾಕ್ಯವನ್ನು ಓದಿದ ಅಧಿಕಾರಿಗೆ ಮಾಡಲು ಯಾವ ಕೆಲಸವೂ ಉಳಿದಿರುವುದಿಲ್ಲ. ‘ಸಿಬ್ಬಂದಿಗೆ ಸೌಜನ್ಯದಿಂದ ವರ್ತಿಸಲು ಸೂಚಿಸಲಾಗಿದೆ’ ಎಂಬ ಒಂದು ಸಾಲು ಬರೆದು ಕಡತ ಮುಚ್ಚುತ್ತಾರೆ. ಆದರೆ ಅದೇ ಪತ್ರದ ಕೊನೆಯ ಪುಟದಲ್ಲಿ ಚದುರಿಹೋಗಿರುವ ವಿವರಗಳನ್ನು ಒಟ್ಟುಗೂಡಿಸಿದರೆ ಹೀಗಾಗುತ್ತದೆ: ‘ದಾಖಲಾದ ಐದನೆಯ ದಿನ ಸಂಜೆ ಸುಮಾರು ಏಳು ಗಂಟೆಗೆ, ಎರಡನೆಯ ಮಹಡಿಯ ವಾರ್ಡಿನಲ್ಲಿ, ಡ್ರಿಪ್ ಬಾಟಲಿ ಮುಗಿದಿದೆಯೆಂದು ಹೇಳಲು ಹೋದ ನನ್ನ ತಾಯಿಗೆ ಕೌಂಟರಿನಲ್ಲಿದ್ದ ಸಿಬ್ಬಂದಿ “ಹೋಗಮ್ಮ ಆಚೆ, ನಿಮ್ಮೊಬ್ರಿಗೇನಾ ನಾವಿರೋದು, ಎಷ್ಟ್ ಸಲ ಹೇಳೋದು” ಎಂದರು. ಆಗ ಪಕ್ಕದ ಎರಡು ಹಾಸಿಗೆಗಳ ಕಡೆಯವರು ಅಲ್ಲಿದ್ದರು. ಬಾಟಲಿ ಬದಲಾದದ್ದು ಎಂಟು ಗಂಟೆಗೆ.’ ಇದರಲ್ಲಿ ಯಾರನ್ನೂ ಬೈದಿಲ್ಲ. ಆದರೆ ಆ ಪಾಳಿಯಲ್ಲಿ ಯಾರಿದ್ದರು, ಎಷ್ಟು ರೋಗಿಗಳಿಗೆ ಎಷ್ಟು ಜನ ಇದ್ದರು, ಬಾಟಲಿ ಬದಲಿಸಿದ್ದು ಚಾರ್ಟಿನಲ್ಲಿ ಎಷ್ಟು ಗಂಟೆಗೆ ನಮೂದಾಗಿದೆ ಎಂದು ಹುಡುಕಲೇಬೇಕಾದ ಮೂರು ಪ್ರಶ್ನೆಗಳು ಇದರಿಂದ ಹುಟ್ಟುತ್ತವೆ. ಬಹುಶಃ ಅವತ್ತು ಒಬ್ಬರೇ ಸಿಸ್ಟರ್ ಇಡೀ ವಾರ್ಡನ್ನು ನೋಡುತ್ತಿದ್ದರೆಂಬುದು ಹೊರಬರಬಹುದು. ಹಾಗಾದರೆ ಹೊಣೆ ಆ ಹೆಣ್ಣುಮಗಳದಲ್ಲ, ಇನ್ನೊಬ್ಬರನ್ನು ನೇಮಿಸದ ಆಡಳಿತದ್ದು; ನಿಮ್ಮ ದೂರು ಆಗ ಸರಿಯಾದ ಮೇಜಿಗೆ ಹೋದಂತಾಗುತ್ತದೆ.

ಡಿಸ್ಚಾರ್ಜಿನ ದಿನ ಬಿಲ್ ಕೌಂಟರಿನಲ್ಲಿ ಕೊಟ್ಟ ಅಭಿಪ್ರಾಯದ ಹಾಳೆಯಲ್ಲಿ ಎಲ್ಲದಕ್ಕೂ ‘ಉತ್ತಮ’ ಎಂದು ಗುರುತು ಹಾಕಿ ಬಂದಿದ್ದೇವೆ, ಅದು ನಮಗೇ ತಿರುಗುಬಾಣವಾಗುತ್ತದೆಯೇ ಎಂದು ಕೇಳಿದ್ದೀರಿ. ಚಿಂತಿಸಬೇಡಿ. ಆಂಬುಲೆನ್ಸ್ ಕೆಳಗೆ ಕಾಯುತ್ತಿರುವಾಗ ಎಲ್ಲರೂ ಹಾಗೆಯೇ ಗುರುತು ಹಾಕುತ್ತಾರೆ, ಅದು ಎಲ್ಲರಿಗೂ ಗೊತ್ತು. ತೃಪ್ತಿಯಾಯಿತೇ ಎಂದು ಕೇಳಿದರೆ ಜೀವ ಉಳಿದ ಸಮಾಧಾನದಲ್ಲಿರುವವರು ಆಯಿತು ಎನ್ನದೆ ಇನ್ನೇನು ಹೇಳಿಯಾರು? ಔಷಧಿ ಯಾವುದಕ್ಕೆಂದು ಯಾರಾದರೂ ಹೇಳಿದರೇ, ಕರೆದಾಗ ಎಷ್ಟು ಹೊತ್ತಿಗೆ ಬಂದರು, ಮನೆಯಲ್ಲಿ ಯಾವ ಲಕ್ಷಣ ಕಂಡರೆ ವಾಪಸು ಬರಬೇಕೆಂದು ತಿಳಿಸಿದರೇ ಎಂದು ಕೇಳಿದರೆ ಮಾತ್ರ ನಿಜ ಹೊರಬೀಳುತ್ತದೆ. ಅಂಥ ಹಾಳೆಯನ್ನು ಇಟ್ಟಿರುವ ಆಸ್ಪತ್ರೆಗಳು ಬಹಳ ಇಲ್ಲ.

ಯಾರಿಗೆ ಕೊಡಬೇಕು ಎಂಬ ಪ್ರಶ್ನೆಗೆ ನನ್ನ ಸಲಹೆ ಇದು. ಹುಣ್ಣು, ಮಾಹಿತಿ ಕೊಡದಿದ್ದುದು, ತಾಯಿಯವರ ಪ್ರಸಂಗ, ಈ ಮೂರನ್ನು ಎರಡು ಪುಟ ಮೀರದಂತೆ ದಿನಾಂಕವಾರು ಬರೆದು ಮೊದಲು ಆಸ್ಪತ್ರೆಯ ಆಡಳಿತಾಧಿಕಾರಿಗೇ ಕೊಡಿ. ಪ್ರತಿಯ ಮೇಲೆ ಸಹಿ, ಮೊಹರು ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ನಿಮಗೆ ಏನು ಬೇಕೆಂಬುದನ್ನು ಕೊನೆಯಲ್ಲಿ ಸ್ಪಷ್ಟವಾಗಿ ಬರೆಯಿರಿ: ಲಿಖಿತ ವಿವರಣೆಯೇ, ಹುಣ್ಣಿನ ಚಿಕಿತ್ಸೆಯ ಖರ್ಚೇ, ತಾಯಿಯವರಲ್ಲಿ ವಿಷಾದ ಸೂಚಿಸುವುದೇ? ಉದ್ದುದ್ದ ದೂರು ಬರೆದವರೂ ಈ ಒಂದು ಸಾಲನ್ನು ಬಿಟ್ಟಿರುತ್ತಾರೆ. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಹುರುಳಿಲ್ಲದ್ದಾದರೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಹೋಗಿ. 2017ರ ತಿದ್ದುಪಡಿಯ ಮೂಲಕ ಕುಂದುಕೊರತೆ ವಿಚಾರಿಸುವ ಈ ವ್ಯವಸ್ಥೆ ಬಂದಿತು. ರೋಗಿಗಳ ಸನ್ನದನ್ನು, ಅಂದರೆ ಅವರ ಹಕ್ಕುಗಳ ಪಟ್ಟಿಯನ್ನು, ಅಧಿನಿಯಮಕ್ಕೆ ಸೇರಿಸಿದ್ದೂ ಅದೇ ತಿದ್ದುಪಡಿ. ಜಿಲ್ಲಾಧಿಕಾರಿ ಇದರ ಅಧ್ಯಕ್ಷರು, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿ ಸದಸ್ಯ ಕಾರ್ಯದರ್ಶಿ. ಅಂದರೆ ಇದಕ್ಕಾಗಿ ನೀವು ಬೆಂಗಳೂರಿಗೆ ಅಲೆಯಬೇಕಾಗಿಲ್ಲ, ಹಾಸನದಲ್ಲೇ ಮುಗಿಯುವ ಕೆಲಸ. ಒಬ್ಬ ನಿರ್ದಿಷ್ಟ ವೈದ್ಯರ ವೃತ್ತಿ ನಡತೆಯ ಬಗ್ಗೆ ದೂರಿದ್ದರೆ ಮಾತ್ರ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು; ನಿಮ್ಮ ವಿಷಯದಲ್ಲಿ ಅದು ಬೇಕಾಗುವಂತೆ ಕಾಣುವುದಿಲ್ಲ.

ಪರಿಹಾರದ ಹಣ ಕೇಳುವುದಾದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನಿಸಿತು. ಹಣ ಕೊಡಬಲ್ಲವರಿಂದ ಪಡೆದು ಕೆಲವರಿಗೆ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯಾದರೆ ಆ ಉಚಿತ ರೋಗಿಗಳೂ ಗ್ರಾಹಕರೇ ಎಂದು ಅದೇ ತೀರ್ಪು ಹೇಳಿರುವುದರಿಂದ, ‘ನಿಮ್ಮದು ಕಾರ್ಡಿನ ಕೇಸು, ನೀವೇನು ಹಣ ಕಟ್ಟಿದ್ದೀರಿ’ ಎಂಬ ಮಾತಿಗೆ ಹೆದರಬೇಡಿ. ಪೊಲೀಸ್ ಠಾಣೆಗೆ ಹೋಗುವ ಸಲಹೆಯನ್ನು ಯಾರಾದರೂ ಕೊಟ್ಟಿದ್ದರೆ ಅದನ್ನು ನಾನು ಒಪ್ಪುವುದಿಲ್ಲ. ಕ್ರಿಮಿನಲ್ ಮೊಕದ್ದಮೆಗೆ ಘೋರವೆನ್ನುವಂಥ ನಿರ್ಲಕ್ಷ್ಯವಿರಬೇಕು, ಸ್ವತಂತ್ರ ವೈದ್ಯರ ಅಭಿಪ್ರಾಯವೂ ಬೇಕು ಎಂದು ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲೇ ಹೇಳಲಾಗಿದೆ. ವಾಟ್ಸಾಪಿನಲ್ಲಿ ಹೆಸರು ಹಾಕಿ ಹರಡುವುದಂತೂ ಬೇಡವೇ ಬೇಡ. ಮಾನಹಾನಿಯ ನೋಟಿಸು ನಿಮ್ಮ ಮನೆಗೇ ಬರುತ್ತದೆ, ಹುಣ್ಣಿನ ಮಾತು ಅಲ್ಲಿಗೆ ಮರೆತುಹೋಗುತ್ತದೆ. ನಿಮ್ಮ ತಮ್ಮ ಕೋಪದಲ್ಲಿ ಆಸ್ಪತ್ರೆಗೆ ಹೊರಟು ನಿಂತಿದ್ದನೆಂದು ಬರೆದಿದ್ದೀರಿ. ತಡೆದದ್ದು ಒಳ್ಳೆಯದಾಯಿತು, ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾನೂನೇ ಇದೆ.

ಇದೇ ಅನುಭವ ಸರ್ಕಾರಿ ಆಸ್ಪತ್ರೆಯಲ್ಲಾಗಿದ್ದರೆ ದಾರಿ ಬೇರೆ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2006ರಲ್ಲಿ ಶುರುವಾದ ಮೇಲೆ ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಅದರ ಬೋಧಕ ಆಸ್ಪತ್ರೆಯಾಗಿದೆ. ಬೋಧಕ ಆಸ್ಪತ್ರೆಗಳಲ್ಲಿ ರೋಗಿ ದಾಖಲಾಗುವುದು ಒಂದು ಯೂನಿಟ್ಟಿನ, ಅಂದರೆ ವೈದ್ಯರ ಒಂದು ತಂಡದ, ಹೆಸರಿನಲ್ಲಿ. ಹೌಸ್ ಸರ್ಜನ್, ಪಿಜಿ ವಿದ್ಯಾರ್ಥಿ, ಸಹಾಯಕ ಪ್ರಾಧ್ಯಾಪಕರು ಎಂದು ಹೊತ್ತಿಗೊಬ್ಬರು ಬಂದರೂ ಹೊಣೆ ಆ ಯೂನಿಟ್ಟಿನ ಮುಖ್ಯಸ್ಥರದ್ದು. ಅವರ ಹೆಸರೇನು, ಓಪಿಡಿ ಯಾವ ದಿನ ಎಂಬೆರಡನ್ನು ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಅಲ್ಲಿನ ದೂರು ವೈದ್ಯಕೀಯ ಅಧೀಕ್ಷಕರಿಗೆ, ಅನಂತರ ಸಂಸ್ಥೆಯ ನಿರ್ದೇಶಕರಿಗೆ. ತಾಲ್ಲೂಕು ಆಸ್ಪತ್ರೆಯಾದರೆ ಆಡಳಿತ ವೈದ್ಯಾಧಿಕಾರಿಗೆ, ಅನಂತರ ಜಿಲ್ಲಾ ಆರೋಗ್ಯಾಧಿಕಾರಿಗೆ. ದಾಖಲೆಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿಯೂ ಕೇಳಬಹುದು, 30 ದಿನದಲ್ಲಿ ಉತ್ತರ ಬರಬೇಕು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯ ವಿರುದ್ಧ ಮಾತ್ರ ಗ್ರಾಹಕ ಆಯೋಗಕ್ಕೆ ಹೋಗಲಾಗದು. ಹೆಸರು ನೋಂದಣಿಗೆ ಕಟ್ಟಿದ ಸಣ್ಣ ಶುಲ್ಕದಿಂದ ಅದು ಬದಲಾಗುವುದಿಲ್ಲ.

ಮುಂದಿನ ತಪಾಸಣೆಯ ಭಯಕ್ಕೆ ಬರುತ್ತೇನೆ. ಈ ಭಯವನ್ನು ಹಗುರವಾಗಿ ಕಾಣಲಾರೆ, ಊರು ಚಿಕ್ಕದು, ತಜ್ಞರು ಕೆಲವೇ ಮಂದಿ. ಆದರೆ ದೂರು ಕೊಟ್ಟ ಕಾರಣಕ್ಕೆ ಚಿಕಿತ್ಸೆಯಲ್ಲಿ ಕೈ ಹಿಂದೆಗೆಯುವ ವೈದ್ಯರು ನಿಜಕ್ಕೂ ವಿರಳ. ಆಗುವುದಾದರೆ ಕೌಂಟರಿನಲ್ಲಿ ಸ್ವಲ್ಪ ಕಾಯಿಸುವುದು, ಮುಖ ಬಿಗಿಹಿಡಿಯುವುದು, ಇಷ್ಟೇ. ಅದೂ ಬೇಡವೆನಿಸಿದರೆ ಡಿಸ್ಚಾರ್ಜ್ ಸಮ್ಮರಿ ಮತ್ತು ಸ್ಕ್ಯಾನ್ ಫಿಲ್ಮುಗಳನ್ನು ಹಿಡಿದು ಚಾಮರಾಜೇಂದ್ರ ಆಸ್ಪತ್ರೆಯ ಮೆಡಿಸಿನ್ ಓಪಿಡಿಗೆ ಹೋಗಬಹುದು. ರಕ್ತದೊತ್ತಡದ, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಮುಂದುವರಿಸಲು, ಫಿಸಿಯೋಥೆರಪಿಗೆ ಅದೇ ಆಸ್ಪತ್ರೆಯೇ ಆಗಬೇಕೆಂದಿಲ್ಲ. ಯಾವ ಕಾರಣಕ್ಕೂ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ.

ಮತ್ತೊಮ್ಮೆ ಆಸ್ಪತ್ರೆ ಸೇರುವ ಪ್ರಸಂಗ ಬಾರದಿರಲಿ. ಬಂದರೆ, ದಿನಕ್ಕೊಬ್ಬ ನೆಂಟರು ಹೋಗಿ ಡಾಕ್ಟರನ್ನು ಕೇಳುವ ಪದ್ಧತಿಯನ್ನು ಬಿಡಿ. ಮನೆಯವರಲ್ಲಿ ಒಬ್ಬರು ಮಾತ್ರ ಮಾತನಾಡಲಿ, ಅವರೇ ರೌಂಡ್ಸಿನ ಹೊತ್ತಿಗೆ ಹಾಸಿಗೆಯ ಪಕ್ಕದಲ್ಲಿರಲಿ, ಅವರ ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ‘ಹೇಗಿದ್ದಾರೆ ಸಾರ್’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಉತ್ತರವೇ ಸಿಗುತ್ತದೆ. ‘ಇವತ್ತು ಏನು ಬದಲಾಗಿದೆ, ಮುಂದಿನ ಎರಡು ದಿನದಲ್ಲಿ ನಾವು ಯಾವುದಕ್ಕೆ ಎದುರುನೋಡಬೇಕು’ ಎಂದು ಕೇಳಿದರೆ ಅವಸರದಲ್ಲಿರುವ ವೈದ್ಯರೂ ಅರೆಗಳಿಗೆ ನಿಂತು ಹೇಳುತ್ತಾರೆ. ನೀವು ಬರೆದುಕೊಳ್ಳುವುದನ್ನು ಕಂಡರೆ ಇನ್ನಷ್ಟು ಜಾಗ್ರತೆಯಿಂದ ಹೇಳುತ್ತಾರೆ. ತಾಲ್ಲೂಕು ಆಸ್ಪತ್ರೆಯಿಂದ ಬರುವಾಗ ಅಲ್ಲಿ ಕೊಟ್ಟ ಚುಚ್ಚುಮದ್ದು, ಹೊರಟ ಗಂಟೆ ಎಲ್ಲವೂ ರೆಫರಲ್ ಚೀಟಿಯಲ್ಲಿದೆಯೇ ಎಂದು ನೋಡಿಕೊಳ್ಳಿ.

ಕಾಲಮಿತಿಯ ಬಗ್ಗೆ ಒಂದು ಮಾತು ಉಳಿದಿದೆ. ಗ್ರಾಹಕ ಆಯೋಗಕ್ಕೆ ಹೋಗಲು ಘಟನೆ ನಡೆದಂದಿನಿಂದ ಎರಡು ವರ್ಷ ಅವಕಾಶವಿದೆ. ದಾಖಲೆಗಳು ಮೂರು ವರ್ಷ ಇರಬೇಕಾದರೂ ಆರು ತಿಂಗಳು ಕಳೆದ ಮೇಲೆ ಕೇಳಿದರೆ ‘ರೆಕಾರ್ಡ್ ರೂಮಿನಲ್ಲಿ ಹುಡುಕಬೇಕು’ ಎಂಬ ಉತ್ತರ ಸಾಮಾನ್ಯ. ದೂರು ಕೊಡಬೇಕೋ ಬೇಡವೋ ಎಂಬುದನ್ನು ಮನೆಯವರೆಲ್ಲ ಕುಳಿತು ನಿಧಾನವಾಗಿ ತೀರ್ಮಾನಿಸಿ, ಆದರೆ ಕೇಸ್ ಶೀಟಿನ ಅರ್ಜಿಯನ್ನು, ಸಾಧ್ಯವಾದರೆ ತಂದೆಯವರ ಎಡಗೈ ಹೆಬ್ಬೆಟ್ಟು ಹಾಕಿಸಿದ ಅಧಿಕಾರ ಪತ್ರದೊಂದಿಗೆ, ಈ ವಾರವೇ ಕೊಟ್ಟುಬಿಡಿ.